ಅಪ್ಪನ ಮೀನು

ಜೂನ್ 9

ಅಕ್ಕಂಗೆ,

ಊರು ಸೇರಿದೆ, ರೂಮು ಸಿಕ್ತು, ಕೆಲಸಾನೂ ಸಿಕ್ತು. ಈ ಮೂರನ್ನ ಮೊದಲೇ ಬರೆದುಬಿಡ್ತೀನಿ, ಇಲ್ಲದಿದ್ರೆ ನೀನು ಇದನ್ನೇ ಹುಡುಕ್ತಾ ಕಾಗದಾನ ಕೆಳಗಿಂದ ಮೇಲಕ್ಕೆ ಓದ್ತೀಯ. ಫೋನ್ ಯಾಕೆ ಮಾಡಲಿಲ್ಲ ಅಂದ್ರೆ, ಫೋನಲ್ಲಿ ನೀನು ಅಳ್ತೀಯ, ನಾನು ಕಟ್ ಮಾಡ್ತೀನಿ, ಆಮೇಲೆ ಇಬ್ಬರೂ ಗೋಡೆ ನೋಡ್ತಾ ಕೂರ್ತೀವಿ. ಕಾಗದದಲ್ಲಾದ್ರೆ ನೀನು ಅತ್ತಿದ್ದು ನನಗೆ ಕೇಳಿಸಲ್ಲ.

ರೂಮು ಒಬ್ಬರು ಅಜ್ಜಿ ಮನೆ ಮಹಡಿ ಮೇಲೆ. ಮಂಚದಲ್ಲಿ ಕೂತು ಕಾಲು ಚಾಚಿದ್ರೆ ಎದುರು ಗೋಡೆ ಸಿಗುತ್ತೆ. ಕೆಲಸ ಒಂದು ವೆಲ್ಡಿಂಗ್ ಶಾಪಲ್ಲಿ. ಗೇಟು, ಕಿಟಕಿ ಸರಳು, ಲಾರಿ ಬಾಡಿ. ಮೇಸ್ತ್ರಿ ಮೊದಲನೇ ದಿನಾನೇ "ಹಿಂದಿನ ಕೆಲಸ ಯಾಕಪ್ಪ ಬಿಟ್ಟೆ?" ಅಂದರು. "ಒಂದು ಗುರುತು ಹೊಡೆಯೋಕೆ ಮನಸ್ಸು ಬರಲಿಲ್ಲ" ಅಂದೆ. "ಅಷ್ಟೊಂದು ಮನಸ್ಸಿರೋರು ಕೆಲಸಕ್ಕೇ ಬರಬಾರದು" ಅಂತ ನಕ್ಕು ಒಳಗೆ ಕರ್ಕೊಂಡರು.

ಅವತ್ತು ಏನಾಯ್ತು ಅಂತ ಭಾವ ಹೇಳಿರ್ತಾರೆ. ನನ್ನ ಬಾಯಲ್ಲೂ ಕೇಳು. ಅಪ್ಪ ಮೂವತ್ತು ವರ್ಷ ಆ ಶೆಡ್ಡಲ್ಲಿ ದುಡಿದ್ರೂ ನೀನು ಒಂದು ದಿನ ಒಳಗೆ ಬಂದು ನೋಡಿದವಳಲ್ಲ, ಅದಕ್ಕೆ ಬಿಡಿಸಿ ಬರೀತೀನಿ. ಆಕ್ಸಿಜನ್ ಸಿಲಿಂಡರ್ ಪರೀಕ್ಷೆಗೆ ಬಂದ್ರೆ ವಾಲ್ವ್ ಬಿಚ್ಚಬೇಕು, ನೀರು ತುಂಬಬೇಕು, ಪಂಪಲ್ಲಿ ಒತ್ತಡ ಕೊಟ್ಟು ಮೀಟರಿನ ಮುಳ್ಳು ನಿಂತ ಕಡೆ ನಿಲ್ಲುತ್ತಾ ಇಲ್ವಾ ಅಂತ ನೋಡಬೇಕು. ನಿಂತ್ರೆ ಪಾಸು. ನೀರು ಚೆಲ್ಲಿ, ಒಣಗಿಸಿ, ವಾಲ್ವ್ ಕೂರಿಸಿ, ಸಿಲಿಂಡರಿನ ಹೆಗಲ ಮೇಲೆ ತಿಂಗಳು, ವರ್ಷ, ಪಕ್ಕದಲ್ಲಿ ಪರೀಕ್ಷೆ ಮಾಡಿದೋನ ಗುರುತು, ಉಕ್ಕಿನ ಪಂಚ್ ಇಟ್ಟು ಸುತ್ತಿಗೇಲಿ ಹೊಡೀಬೇಕು. ಅಪ್ಪಂದು ಮೀನು. ನಂದು ತ್ರಿಕೋನ. ಆಮೇಲೆ ಐದು ವರ್ಷ ಯಾರೂ ಏನೂ ಕೇಳಲ್ಲ. ಗುರುತು ನೋಡ್ತಾರೆ, ಗ್ಯಾಸ್ ತುಂಬ್ತಾರೆ.

ಅವತ್ತು ಪಂಪ್ ಕೆಟ್ಟಿತ್ತು. ಲಾರಿ ಬಾಗಿಲಲ್ಲೇ ನಿಂತಿತ್ತು, ಇಪ್ಪತ್ತು ಸಿಲಿಂಡರ್ ಕಾಯ್ತಾ ಇದ್ದವು. ಯಜಮಾನರು ಒಳಗಿಂದ ಹೇಳಿ ಕಳಿಸಿದ್ರು, "ಮೇಲೆ ನೀರು ಹೊಯ್ದು ಗುರುತು ಹೊಡೆದು ಕಳಿಸಿ" ಅಂತ. ಸ್ನಾನ ಮಾಡಿಸಿ ಮದುವೆಗೆ ಕಳಿಸಿದ ಹಾಗೆ. ಶೆಡ್ಡಿನ ಮೇಲ್ವಿಚಾರಣೆ ಭಾವಂದೇ ಅಲ್ವಾ, ಬಂದು "ಹೊಡಿಯಪ್ಪ, ಹೊತ್ತಾಯ್ತು" ಅಂದರು. "ಪರೀಕ್ಷೆ ಮಾಡದೆ ಹೊಡೆಯಲ್ಲ ಭಾವ" ಅಂದೆ. ಇನ್ನೊಂದು ಸಲ ಹೇಳಿದ್ರು, ಈ ಸಲ ಸುತ್ತಲಿನವರಿಗೆಲ್ಲ ಕೇಳೋ ಹಾಗೆ. ನಾನು ಸುತ್ತಿಗೆ ಕೆಳಗಿಟ್ಟೆ, ಪಂಚ್ ಜೇಬಿಗೆ ಹಾಕ್ಕೊಂಡೆ, ಬಂದುಬಿಟ್ಟೆ. ಸರ್ಕಾರದ ಇಲಾಖೆ ಪುಸ್ತಕದಲ್ಲಿ ಬರೆಸಿರೋ ಗುರುತೇ ಆಗಬೇಕು, ಶೆಡ್ಡಲ್ಲಿ ಈಗಿರೋದು ನನ್ನದೊಂದೇ. ನನ್ನ ತ್ರಿಕೋನ ಇಲ್ಲದೆ ಲಾರಿ ಅಲ್ಲಾಡಲ್ಲ. ಅಷ್ಟು ಸಾಕು ಅನ್ನಿಸ್ತು.

ಅಪ್ಪ ಏನಂದರು? ಬೈದರಾ? ಬೈದಿದ್ರೆ ಯಾವ ಮಾತಲ್ಲಿ ಬೈದರು ಅಂತ ಹಾಗ್ಹಾಗೇ ಬರಿ. ಸುಮ್ಮನೆ ತಿಳ್ಕೊಳ್ಳೋಕೆ.

ನಿನ್ನ ತಮ್ಮ


ಜೂನ್ 24

ದೊಡ್ಡ ಮನುಷ್ಯರಿಗೆ ಅವರ ಅಕ್ಕ ಬರೆಯೋದು.

ಅಪ್ಪ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. "ಹೋದನಾ?" ಅಂದರು. "ಹೋದ" ಅಂದೆ. "ಪಂಚ್ ತಗೊಂಡು ಹೋದನಾ?" ಅಂದರು. "ಹೂಂ" ಅಂದೆ. ಎದ್ದು ಹೋಗಿ ಬಟ್ಟೆ ಒಣಹಾಕಿದ್ರು. ನಾನು ಆಗಲೇ ಒಣಹಾಕಿದ್ದ ಬಟ್ಟೆಗಳನ್ನೇ ತೆಗೆದು ಇನ್ನೊಂದು ಸಲ ಹಾಕಿದ್ರು.

ಇನ್ನು ಇವರ ವಿಷಯ. ನಿನ್ನ ಕರ್ಕೊಂಡು ಹೋಗಿ ಅಲ್ಲಿ ಸೇರಿಸಿದ್ದು ಇವರು. "ನನ್ನ ಭಾಮೈದ, ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದಾನೆ, ಆದ್ರೂ ಕೆಲಸದಲ್ಲಿ ಮೋಸ ಇಲ್ಲ" ಅಂತ ಮಾತು ಕೊಟ್ಟಿದ್ದು ಇವರು. ಹತ್ತನೇ ಕ್ಲಾಸ್ ಮುಗಿಸಿದ ಮೇಲೆ ನೀನು ಒಂದು ಕಡೆ ಎರಡು ವರ್ಷ ನಿಂತಿದ್ದು ಅಂದ್ರೆ ಇವರ ಕೈಕೆಳಗೇ. ಅವತ್ತು ಯಜಮಾನರು ಎಲ್ಲರ ಎದುರಿಗೆ ಇವರನ್ನ ನಿಲ್ಲಿಸಿ, "ಮನೆಯವರನ್ನೇ ನಿಭಾಯಿಸೋಕಾಗದೋರು ನನ್ನ ಶೆಡ್ ಏನು ನಿಭಾಯಿಸ್ತೀರಿ?" ಅಂದರಂತೆ. ಇವರು ಮನೆಗೆ ಬಂದು ಅದರ ಸುದ್ದಿ ಎತ್ತಲಿಲ್ಲ. ನನಗೆ ಹೇಳಿದ್ದು ಪಕ್ಕದ ಮನೆಯವಳು. ಹೇಳುವಾಗ ಅವಳ ಮುಖ ನೀನು ನೋಡಬೇಕಿತ್ತು.

ನೀನು ಮಾಡಿದ್ದು ಸರಿಯೋ ತಪ್ಪೋ ಅನ್ನೋ ಮಾತಿಗೆ ನಾನು ಬರಲ್ಲ. ಸರಿಯೇ ಇರಬಹುದು. ಆದ್ರೆ ಶೆಡ್ಡಿಂದ ಮನೆಗೆ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷ ನಡ್ಕೊಂಡು ಬಂದೆ, ಬ್ಯಾಗ್ ತುಂಬಿಕೊಂಡೆ, ನಾನು ಅಂಗಡಿಯಿಂದ ಬರೋ ಅಷ್ಟರಲ್ಲಿ ಇಲ್ಲ. ಮೇಜಿನ ಮೇಲೆ ಚೀಟಿ, "ಹೋಗ್ತಿದೀನಿ, ಬರೀತೀನಿ." ಹೇಳೋಕೆ ನಿನಗೆ ಧೈರ್ಯ ಇತ್ತು. ಕೇಳಿಸಿಕೊಳ್ಳೋಕೆ ಇರಲಿಲ್ಲ. ನಿನ್ನ ಮನಸ್ಸಾಕ್ಷಿ ಒಬ್ಬನ ಅಳತೆಗೆ ಹೊಲಿಸಿದ ಅಂಗಿ ಕಣೋ. ನಿನಗೆ ಚೆನ್ನಾಗಿ ಕೂರುತ್ತೆ. ನಮಗೆ ಚಳಿ.

ಶೆಡ್ ಹೇಗೋ ನಡೀತಾ ಇದೆ. ಅದನ್ನ ಮಾತ್ರ ಕೇಳಬೇಡ.

ಹೊತ್ತುಹೊತ್ತಿಗೆ ತಿನ್ನು. ಬೈದೆ ಅಂತ ಊಟ ಬಿಡಬೇಡ.

ಅಕ್ಕ


ಜುಲೈ 6

ಅಕ್ಕಂಗೆ,

ನಿನ್ನ ಕಾಗದ ನಾಲ್ಕು ಸಲ ಓದಿದೆ. ಕೋಪ ಬಂತು ಅಂತ ಬರೆಯೋಣ ಅಂದ್ಕೊಂಡೆ. ನಿಜ ಹೇಳಬೇಕಂದ್ರೆ ಕೋಪಕ್ಕಿಂತ ಕುತೂಹಲ ಜಾಸ್ತಿ ಬಂತು. ಮನಸ್ಸು ಬೇಡ ಅಂದಿದ್ದನ್ನ ಮಾಡದೆ ಇರೋದು ಸ್ವಾರ್ಥ ಆಗೋಕೆ ಸಾಧ್ಯನಾ? ಓದಿದ ಹತ್ತು ಕ್ಲಾಸಲ್ಲಿ ಯಾವ ಪುಸ್ತಕದಲ್ಲೂ ಈ ಪ್ರಶ್ನೆ ಬಂದಿರಲಿಲ್ಲ. ಬಂದಿದ್ರೂ ಎರಡು ಮಾರ್ಕಿಂದಾಗಿರ್ತಿತ್ತು, ನಾನು ಬಿಟ್ಟುಬಿಡ್ತಿದ್ದೆ. ಅದಕ್ಕೆ ಕಂಡಕಂಡೋರನ್ನ ಕೇಳೋಕೆ ಶುರು ಮಾಡಿದೀನಿ.

ಮೇಸ್ತ್ರಿ ಹೇಳಿದ್ದು ಹೀಗೆ. "ಮದುವೆಗೆ ಮುಂಚೆ ನಾನು ಮೂರು ಕೆಲಸ ಬಿಟ್ಟೆ, ಮೂರೂ ನ್ಯಾಯಕ್ಕೋಸ್ಕರ. ಮದುವೆ ಆದ ಮೇಲೆ ಲೋಕದಲ್ಲಿ ಅನ್ಯಾಯ ಕಮ್ಮಿ ಆಯ್ತೋ, ನನ್ನ ಕಣ್ಣು ಮಂಜಾಯ್ತೋ, ಒಂದೂ ಬಿಟ್ಟಿಲ್ಲ."

ಕ್ಷೌರದಂಗಡಿಯವನು ಕತ್ತೀನ ಕುತ್ತಿಗೆ ಹತ್ರ ಇಟ್ಕೊಂಡು, "ಮನೆಯವರ ಮಾತು ಕೇಳಬೇಕು ಸಾರ್" ಅಂದ. ಆ ಹೊತ್ತಲ್ಲಿ ನಾನೂ ಹೂಂ ಅಂದೆ.

ಕೆಳಗಿನ ಮನೆ ಅಜ್ಜಿ ಮಾತ್ರ ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು ಸೆರಗಲ್ಲಿ ಒರೆಸಿ ಹೇಳಿದ್ರು. "ಊಟಕ್ಕೆ ಕೂತೋನು ತುತ್ತಲ್ಲಿ ಕಲ್ಲು ಸಿಕ್ತು ಅಂತ ಎದ್ದುಹೋದ. ಒಳ್ಳೇದು, ಅವನ ಹಲ್ಲು ಉಳೀತು. ಪಾತ್ರೇಲಿ ಕಲ್ಲಿದೆ ಅಂತ ಹೇಳಿ ಹೋದನಾ?"

"ಅಲ್ಲಿದ್ದೋರಿಗೆಲ್ಲ ಗೊತ್ತಿತ್ತು ಅಜ್ಜಿ" ಅಂದೆ.

"ಬಡಿಸೋರಿಗೆ ಗೊತ್ತಿತ್ತಪ್ಪ. ತಿನ್ನೋರಿಗೆ?"

ಬಕೆಟ್ ಎತ್ಕೊಂಡು ಮಹಡಿ ಹತ್ತಿಬಿಟ್ಟೆ.

ನಿನ್ನ ಮಾತಿಗೆ ನನ್ನ ಉತ್ತರ ಇಷ್ಟೇ. ಅವತ್ತು ಮನೆಗೆ ಬಂದು ಕೇಳಿದ್ರೆ ನೀನು "ಹೊಡಿ" ಅಂತಿದ್ದೆ. ನೀನು ಹಾಗಂದ ಮೇಲೆ ನಾನು ಹೊಡೆದ್ರೆ ಅದು ನಿನ್ನ ತಲೆಗೆ, ಹೊಡೆಯದಿದ್ರೆ ನಿನ್ನ ಮಾತು ಮೀರಿದ ಹಾಗೆ. ಕೇಳದೆ ಹೋಗಿದ್ದೇ ವಾಸಿ ಅಲ್ವಾ? ಬರೆದಾಗ ಸರಿಯಾಗೇ ಕಾಣ್ತಿದೆ. ಜೋರಾಗಿ ಓದಿದ್ರೆ ಯಾಕೋ ವಕೀಲರ ಮಾತಿನ ಥರ ಇದೆ.

ನಮ್ಮ ಶೆಡ್ಡಿನ ಸಿಲಿಂಡರ್‌ಗಳು ಈ ಊರಿಗೂ ಬರ್ತವೆ ಕಣೇ. ಬಂದ ಕೂಡಲೇ ಹೆಗಲು ಓದೋ ಚಟ ನನಗಿನ್ನೂ ಹೋಗಿಲ್ಲ. ಎಷ್ಟು ಸಲ ಪರೀಕ್ಷೆಗೆ ಹೋಗಿತ್ತು, ಯಾವ ವರ್ಷ, ಯಾರ ಕೈ, ಎಲ್ಲಾ ಅಲ್ಲೇ ಇರುತ್ತೆ. ಮೊನ್ನೆ ಒಂದರ ಮೇಲೆ ಬಣ್ಣ ಕೆರೆದ್ರೆ ನಾನು ಹುಟ್ಟಿದ ವರ್ಷ, ಪಕ್ಕದಲ್ಲಿ ಮೀನು. ಅಪ್ಪ ಅವತ್ತು ಅದನ್ನ ಹೊಡೆಯುವಾಗ ನಾನು ಹುಟ್ಟಿದ್ನೋ, ಇನ್ನೂ ಅಮ್ಮನ ಹೊಟ್ಟೇಲೇ ಇದ್ನೋ? ಕೇಳಿ ಬರಿ.

ತಮ್ಮ


ಜುಲೈ 29

ಅಕ್ಕಂಗೆ,

ಒಂದೇ ಪ್ರಶ್ನೆ. ಅಪ್ಪನ ಪಂಚ್ ಎಲ್ಲಿದೆ?

ಅಪ್ಪ ಕೆಲಸದಿಂದ ನಿವೃತ್ತಿ ಆಗಿ ನಾಲ್ಕು ವರ್ಷ ಆಯ್ತು. ಬರುವಾಗ ನೆನಪಿಗೆ ಅಂತ ಕೇಳಿ ತಂದಿದ್ದ ಪಂಚನ್ನ ಬಟ್ಟೇಲಿ ಸುತ್ತಿ ಅಮ್ಮನ ಟ್ರಂಕಲ್ಲಿ ಇಟ್ಟಿದ್ದು ನಾನೇ ನೋಡಿದೀನಿ. ಇವತ್ತು ಮಧ್ಯಾಹ್ನ ಶಾಪಿಗೆ ಬಂದ ಸಿಲಿಂಡರ್ ಮೇಲೆ ಮೀನಿದೆ. ಪಕ್ಕದಲ್ಲಿ ಈ ವರ್ಷದ ಜೂನ್. ನಾನು ಬಿಟ್ಟುಬಂದ ಜೂನ್.

ಇನ್ನೊಂದು. ವಾಲ್ವಿನ ಬುಡದಲ್ಲಿ ಬಣ್ಣ ಒಡೆದಿಲ್ಲ. ಸ್ಪ್ಯಾನರ್ ಹಾಕಿದ್ರೆ ಆ ಬಣ್ಣ ಒಡೆದೇ ಒಡೆಯುತ್ತೆ. ವಾಲ್ವ್ ಬಿಚ್ಚದೆ ಒಳಗೆ ನೀರು ಹೋಗಲ್ಲ. ನೀರು ಹೋಗದೆ ಪರೀಕ್ಷೆ ಆಗಲ್ಲ.

ಅದನ್ನ ಬಳಸಬೇಡಿ ಅಂತ ಮೇಸ್ತ್ರಿಗೆ ಹೇಳಿ ಮೂಲೆಗಿಡಿಸಿದೆ. "ಅದರಲ್ಲೇನು ಕಂಡೆ?" ಅಂದರು. "ನಮ್ಮಪ್ಪನ ಕಂಡೆ" ಅಂದೆ. ತಮಾಷೆ ಅಂದ್ಕೊಂಡು ನಕ್ಕರು.

ಬೇಗ ಬರಿ.

ತಮ್ಮ


ಆಗಸ್ಟ್ 14

ಅಕ್ಕಂಗೆ,

ನಿನ್ನಿಂದ ಕಾಗದ ಇಲ್ಲ. ಅಂಚೆಯವನನ್ನ ಬೀದಿ ತಿರುವಲ್ಲೇ ಹಿಡ್ಕೊಂಡು ಕೇಳ್ತೀನಿ. ಅವನು ಈಗ ನನ್ನ ಕಂಡ ಕೂಡಲೇ ದೂರದಿಂದಲೇ ಕೈ ಆಡಿಸ್ತಾನೆ, ಇಲ್ಲ ಅಂತ.

ಎರಡು ಭಾನುವಾರ ಈ ಊರಿನ ಗ್ಯಾರೇಜು, ಶಾಪು ಎಲ್ಲಾ ಸುತ್ತಿದೆ. "ಸ್ವಲ್ಪ ನಿಮ್ಮ ಸಿಲಿಂಡರ್ ನೋಡಬಹುದಾ?" ಅಂದ್ರೆ ಒಬ್ಬ, "ಹೆಣ್ಣು ನೋಡೋಕೆ ಬಂದೋರ ಥರ ಕೇಳ್ತೀಯಲ್ಲಯ್ಯ" ಅಂದ. ಇನ್ನೂ ಆರು ಮೀನು ಸಿಕ್ಕವು, ಎಲ್ಲಾ ಈ ವರ್ಷದ್ದೇ. ನಾಲ್ಕರ ಮೇಲೆ ಜೂನ್ ಅಂತಿದೆ, ನಾಲ್ಕರಲ್ಲೂ ಬಣ್ಣ ಒಡೆದಿಲ್ಲ. ಹೇಗೋ ಒಪ್ಪಿಸಿ ನಾಲ್ಕನ್ನೂ ನಮ್ಮ ಶಾಪಿಗೆ ತಂದಿಟ್ಟಿದೀನಿ. ಮೊದಲನೇದು ಸೇರಿ ಐದು.

ಆದ್ರೆ ಮಿಕ್ಕ ಎರಡು ಬೇರೆ ಥರ ಇವೆ. ಅವು ಜುಲೈನವು. ವಾಲ್ವ್ ಬಿಚ್ಚಿದಾರೆ, ಬುಡಕ್ಕೆ ಸಣ್ಣ ಬ್ರಷ್ಷಲ್ಲಿ ಹೊಸ ಬಣ್ಣ ಸುತ್ತ ಒಂದೇ ಸಮ ಬಳಿದಿದಾರೆ. ಸ್ಪ್ಯಾನರ್ ಹಿಡಿದ ಗುರುತು ಒಂದೇ ಕಡೆ ಇದೆ. ನಮ್ಮಂಥೋರು ಬಿಗಿ ಮಾಡೋಕೆ ಮೂರು ಸಲ ಜಾರಿಸಿ ಮೂರು ಕಡೆ ಕಚ್ಚಿಸ್ತೀವಿ. ಒಂದೇ ಹಿಡಿತಕ್ಕೆ ವಾಲ್ವ್ ಕೂರಿಸೋ ಕೈ ನನಗೆ ಗೊತ್ತಿರೋದು ಒಂದೇ.

ಅಕ್ಕ, ಅಪ್ಪ ಈಗ ಹಗಲೆಲ್ಲ ಎಲ್ಲಿರ್ತಾರೆ?

ತಮ್ಮ


ಆಗಸ್ಟ್ 23

ತಮ್ಮನಿಗೆ,

ಟ್ರಂಕ್ ತೆಗೆದು ಕೊಟ್ಟಿದ್ದು ನಾನು.

ನೀನು ಹೋದ ದಿನಾನೇ. ಲಾರಿ ಇನ್ನೂ ಬಾಗಿಲಲ್ಲೇ ಇತ್ತಂತೆ. ಇವರು ಬಂದು ಚಪ್ಪಲಿ ಕೂಡ ಬಿಡದೆ ಹೊಸ್ತಿಲಲ್ಲಿ ನಿಂತು ಹೇಳಿದ್ರು, "ಮಾವನ ಗುರುತು ಇಲಾಖೆ ಪುಸ್ತಕದಲ್ಲಿ ಇನ್ನೂ ಇದೆ, ತೆಗೆಸಿಲ್ಲ. ಇವತ್ತೊಂದು ದಿನಕ್ಕೆ." ಇವರು ನನ್ನ ಮುಖ ನೋಡಲಿಲ್ಲ, ಟ್ರಂಕ್ ಇರೋ ಕಡೆ ನೋಡ್ತಿದ್ರು. ಅಪ್ಪ ಒಳಗಿನ ರೂಮಲ್ಲಿ ಮಲಗಿದ್ರು. ನಿನಗೆ ಬರೆದೆನಲ್ಲ, ಶೆಡ್ಡಿಂದ ಮನೆಗೆ ಹತ್ತು ನಿಮಿಷದ ದಾರಿ, ಬಂದು ಕೇಳಬಾರದಿತ್ತಾ ಅಂತ. ಅಪ್ಪ ನನಗೆ ಹತ್ತು ಹೆಜ್ಜೆ ದೂರದಲ್ಲಿದ್ರು. ನಾನು ಕೇಳಲಿಲ್ಲ.

ಒಂದು ದಿನ ಅಂದಿದ್ದು ಮೂರು ವಾರ ಆಯ್ತು. ಪಂಪ್ ರಿಪೇರಿಗೆ ಯಜಮಾನರು ಯಾರನ್ನೂ ಕರೆಸಲಿಲ್ಲ. ಇಲ್ಲದೆಯೂ ನಡೀತಾ ಇತ್ತಲ್ಲ.

ಜೂನ್ ಕೊನೇಲಿ ಅಪ್ಪ ಯಾವುದೋ ಹಳೇ ಕಾಗದ ಹುಡುಕೋಕೆ ಟ್ರಂಕ್ ತೆಗೆದ್ರು. ಸುತ್ತಿದ್ದ ಬಟ್ಟೆ ಮಾತ್ರ ಕೈಯಲ್ಲಿ ಹಿಡ್ಕೊಂಡು ಅಡುಗೆಮನೆ ಬಾಗಿಲಿಗೆ ಬಂದರು. "ಎಲ್ಲಿ?" ಅಂದರು. ನಾನು ಪಾತ್ರೆ ಉಜ್ಜುತಾ ಇದ್ದೆ, ತಲೆ ಎತ್ತಲಿಲ್ಲ. "ಶೆಡ್ಡಲ್ಲಿ" ಅಂದೆ. ಆ ಬಟ್ಟೇನ ಮಡಿಚಿ, ಇನ್ನೊಂದು ಸಲ ಮಡಿಚಿ, ಕಟ್ಟೆ ಮೇಲಿಟ್ಟರು. ಅಂಗಿ ಹಾಕ್ಕೊಂಡು ಹೋದರು.

ಶೆಡ್ಡಲ್ಲಿ ಇವರಿಗೆ ಹೇಳಿದ್ದು ಒಂದೇ ಮಾತಂತೆ. "ನನ್ನ ಗುರುತು ಕೆಲಸಕ್ಕೆ ಬರ್ತಿದೆ ಅಂದ್ರೆ ನಾನೂ ಬರಬೇಕಲ್ಲಪ್ಪ." ಎರಡು ದಿನ ಕೂತು ಪಂಪ್ ತಾವೇ ಬಿಚ್ಚಿ ಸರಿ ಮಾಡಿದ್ರು. ಅವತ್ತಿಂದ ದಿನಾ ಹೋಗ್ತಾರೆ. ಅರವತ್ತನಾಲ್ಕು ವರ್ಷ. ಬಲ ಭುಜ ಮೇಲಕ್ಕೆ ಏಳಲ್ಲ, ಬಾಚಣಿಗೇನ ಎಡಗೈಲಿ ಹಿಡೀತಾರೆ. ಪರೀಕ್ಷೆ ಮಾಡದೆ ಕಳಿಸಿದ್ದು ವಾಪಸ್ ಬಂದ್ರೆ ಮೊದಲು ಅದನ್ನೇ ಎತ್ತಿ ಪಂಪಿಗೆ ಹಾಕ್ತಾರೆ. ಎರಡರಲ್ಲಿ ಮುಳ್ಳು ನಿಲ್ಲಲಿಲ್ಲವಂತೆ, ಇಳೀತಾನೇ ಹೋಯ್ತಂತೆ. ಅವತ್ತು ಬಂದೋರು ಊಟ ಬೇಡ ಅಂದರು.

ನಿನ್ನ ಕುತೂಹಲ ತೀರಿತಾ? ನೀನು ಕೆಳಗಿಟ್ಟ ಸುತ್ತಿಗೆ ಅಪ್ಪನ ಕೈಗೆ ಹೋಗಿ ಕೂತಿದೆ. ನಡುವೆ ಎತ್ತಿ ಕೊಟ್ಟವಳು ನಾನು. ನೀನು ನಿನ್ನ ಮನಸ್ಸಿಗಾಗಿ ಮಾಡಿದೆ, ನಾನು ನನ್ನ ಮನೆಗಾಗಿ ಮಾಡಿದೆ, ಇಬ್ಬರೂ ಸೇರಿ ಅಪ್ಪನ ಹೆಗಲಿಗೆ ಹಾಕಿದ್ವಿ. ಯಾರದ್ದು ಸ್ವಾರ್ಥ ಅಂತ ನಿನ್ನ ಆ ಅಜ್ಜಿನ ಕೇಳಿ ಬರಿ.

ನಿನ್ನ ಕಾಗದಗಳನ್ನೆಲ್ಲ ಅಪ್ಪನ ಕೈಗೆ ಕೊಟ್ಟಿದೀನಿ.

ಅಕ್ಕ


ಸೆಪ್ಟೆಂಬರ್ 2

ಮಗನಿಗೆ,

ನಿನ್ನ ಕಾಗದಗಳನ್ನು ಓದಿದೆ. ವಾಲ್ವ್ ನೋಡಿ ನನ್ನ ಕೈ ಗುರುತಿಸಿದ್ದೀಯ. ಸಂತೋಷವಾಯಿತು. ನೀನು ಕೇಳಿದ್ದಕ್ಕೆ ಉತ್ತರ: ನೀನು ಹುಟ್ಟಿದ ವರ್ಷ ನಾನು ಹೊಡೆದ ಸಿಲಿಂಡರ್‌ಗಳು ಸಾವಿರದ ಮೇಲಿವೆ. ಯಾವುದೆಂದು ಹೇಳಲಿ? ಇನ್ನೊಂದು ವಿಷಯ. ಅದು ಮೀನಲ್ಲ, ಎಲೆ. ಎಲೆಯೆಂದೇ ಮಾಡಿಸಿದ್ದೆ. ನಿಮ್ಮಮ್ಮ ಮೊದಲ ಸಲ ನೋಡಿ ಮೀನು ಎಂದಳು. ತಿದ್ದಲು ಮನಸ್ಸಾಗಲಿಲ್ಲ.

ಈಗ ಮುಖ್ಯ ವಿಷಯ. ಪರೀಕ್ಷೆಯಾಗದೆ ಹೊರಗೆ ಹೋಗಿರುವ ಸಿಲಿಂಡರ್‌ಗಳನ್ನು ಹೇಳಿಕಳಿಸಿ ವಾಪಸ್ ತರಿಸಿ ಎಂದು ಯಜಮಾನರನ್ನು ಎರಡು ಸಲ ಕೇಳಿದೆ. "ಹಸು ಕೊಟ್ಟಿಗೆಗೆ ಬಂದ ಹಾಗೆ ಅವೇ ಬರ್ತವೆ ಬಿಡಿ" ಎಂದರು. ಹಸುವಿಗೆ ಕಾಲಿದೆ. ಆದ್ದರಿಂದ ಇಲಾಖೆಗೆ ಒಂದು ಕಾಗದ ಬರೆದೆ. ಏನು ನಡೆಯಿತು, ಯಾರ ಗುರುತು, ಎಷ್ಟು ಸಿಲಿಂಡರ್, ಎಲ್ಲ. ಬರೆದೆ, ಆದರೆ ಅಂಚೆಗೆ ಹಾಕಿಲ್ಲ.

ನೀನು ಒಬ್ಬನೇ ತೀರ್ಮಾನ ಮಾಡಿ ಹೋದೆ. ನಿನ್ನ ಅಕ್ಕ ಒಬ್ಬಳೇ ತೀರ್ಮಾನ ಮಾಡಿ ಕೊಟ್ಟಳು. ಮೂರನೆಯವನಾಗಿ ನಾನೂ ಹಾಗೇ ಮಾಡಿದರೆ ಒಂದು ಸೂರಿನ ಕೆಳಗೆ ನಾಲ್ವರಿಗೂ ನಾಲ್ಕು ಮನೆಯಾಗುತ್ತದೆ. ಅದಕ್ಕೇ ಭಾನುವಾರ ಊಟವಾದ ಮೇಲೆ ನಿನ್ನ ಅಕ್ಕ, ಭಾವ ಇಬ್ಬರನ್ನೂ ಕೂರಿಸಿ ಕಾಗದವನ್ನು ಓದಿದೆ.

ಅಳಿಯ ತಲೆ ತಗ್ಗಿಸಿ ಕೇಳಿದ. ಮುಗಿದ ಮೇಲೆ "ಪೆನ್ ಕೊಡಿ ಮಾವ" ಎಂದ. ಶೆಡ್ಡಿನ ರಿಜಿಸ್ಟರ್ ನೋಡಿ ನಾನು ಐವತ್ತೆರಡು ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕಿ ಅರವತ್ತೊಂದು ಎಂದು ಬರೆದ. "ಒಂಬತ್ತನ್ನ ರಿಜಿಸ್ಟರಿಗೇ ಹತ್ತಿಸಿರಲಿಲ್ಲ" ಎಂದ. ಪೆನ್ನಿನ ಮುಚ್ಚಳ ಹಾಕಿ ವಾಪಸ್ ಕೊಟ್ಟ. ಅದನ್ನೇ ಅವನ ಮಾತು ಎಂದು ತೆಗೆದುಕೊಂಡಿದ್ದೇನೆ.

ನಿನ್ನ ಅಕ್ಕ "ಬೇಡ" ಎಂದಳು. ಅವಳ ಮಾತನ್ನು ಅವಳು ಹೇಳಿದ ಹಾಗೆಯೇ ಬರೆಯುತ್ತೇನೆ. "ಬೇಡ ಅಪ್ಪ. ಇವರ ಮೇಲೆ ಕೇಸಾಗುತ್ತೆ. ಶೆಡ್ ಮುಚ್ಚುತ್ತೆ. ನಿಮ್ಮ ಹೆಸರಿಗೆ ಮಸಿ ಬಳೀತಾರೆ. ನನಗೆ ಮುಖಾನೇ ಗೊತ್ತಿಲ್ಲದೋರಿಗಿಂತ ಈ ಮನೇಲಿರೋ ಮೂರು ಜನ ಹೆಚ್ಚು. ಇದು ತಪ್ಪು ಅಂತ ಗೊತ್ತಿದ್ದೇ ಹೇಳ್ತಿದೀನಿ." ಅಷ್ಟು ನೇರವಾಗಿ ಈ ಮನೆಯಲ್ಲಿ ಬೇರೆ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ.

ಅರವತ್ತೊಂದರಲ್ಲಿ ಮೂವತ್ತೆಂಟು ವಾಪಸ್ ಬಂದಿವೆ. ನೀನು ಐದನ್ನು ಹಿಡಿದಿಟ್ಟಿದ್ದೀಯ. ಹದಿನೆಂಟು ಹೊರಗಿವೆ. ನಾಳೆ ಅವು ಯಾರ ಕೈಯಲ್ಲಿ ಇರುತ್ತವೋ ಗೊತ್ತಿಲ್ಲ.

ನಿನ್ನ ಮಾತು ಬರಬೇಕು. ಅಂಚೆಗೆ ಕಾಯಲು ಹೊತ್ತಿಲ್ಲ, ಇದನ್ನು ಸಿಲಿಂಡರ್ ಲಾರಿಯ ಡ್ರೈವರ್ ಕೈಲಿ ಕಳಿಸುತ್ತಿದ್ದೇನೆ. ಅವನ ಕೈಲೇ ಉತ್ತರ ಕೊಡು.

ಅಪ್ಪ


ಸೆಪ್ಟೆಂಬರ್ 3

ಅಕ್ಕಂಗೆ,

ಅಪ್ಪಂಗೆ ಬರೀಬೇಕಿತ್ತು. ನಿನಗೆ ಬರೀತಿದೀನಿ. ಡ್ರೈವರ್ ಹಾರನ್ ಹೊಡೀತಿದಾನೆ, ತಪ್ಪಾಗಿದ್ರೆ ನೀನೇ ತಿದ್ದಿ ಓದಿಕೋ.

"ಹಾಕಿ" ಅಂತ ಒಂದು ಪದ ಬರೆದು ಕೊಟ್ಟುಬಿಡಬಹುದಿತ್ತು. ಬರೆದೂ ಬರೆದೆ. ಆಮೇಲೆ ಆ ಚೀಟೀನ ನೋಡ್ತಾ ನಿಂತುಬಿಟ್ಟೆ. ಅವತ್ತು ಶೆಡ್ಡಲ್ಲಿ ಬೇಡ ಅಂದಾಗ ಹೋಗೋದು ನನ್ನ ಕೆಲಸ ಮಾತ್ರ ಅಂದ್ಕೊಂಡಿದ್ದೆ, ಅದಕ್ಕೇ ಅಷ್ಟು ಸಲೀಸಾಗಿ ಬಾಯಿಗೆ ಬಂತು. ಇವತ್ತು ಈ ಪದಕ್ಕೆ ಹೋಗೋದು ಭಾವನ ಕೆಲಸ, ಅಪ್ಪನ ಹೆಸರು, ನಿನ್ನ ನಿದ್ದೆ. ನಂದೊಂದು ಕೂದಲೂ ಕೊಂಕಲ್ಲ. ಬೇರೆಯವರ ಮೈಮೇಲೆ ಧೈರ್ಯ ಮಾಡೋದು ಹೀಗೇ ಇರುತ್ತೇನೋ.

ಇನ್ನೊಂದು ಗೊತ್ತಾಯ್ತು. ನಾನು ಅವತ್ತು ಉಳಿಸಿಕೊಂಡಿದ್ದು ನನ್ನ ತ್ರಿಕೋನ. ಸಿಲಿಂಡರ್ ಏನಾದ್ವು ಅಂತ ತಿರುಗಿ ನೋಡಲಿಲ್ಲ. ಇಲಾಖೆಗೆ ಬರೆಯೋದಿದ್ರೆ ಜೂನಲ್ಲೇ ಬರೀಬೇಕಿತ್ತು, ನಾನೇ ಬರೀಬೇಕಿತ್ತು. ಅಪ್ಪನ ಕಾಗದದ ಕೆಳಗೆ ಅದನ್ನೂ ಸೇರಿಸಿ ಸಹಿ ಹಾಕ್ತೀನಿ.

ಐದು ಸಿಲಿಂಡರ್ ಇದೇ ಲಾರೀಲಿ ಬರ್ತಿವೆ, ಅಪ್ಪಂಗೆ ಹೇಳು. ಅರ್ಧಕ್ಕೆ ನಿಂತಿರೋ ಗೇಟೊಂದನ್ನ ಮುಗಿಸಿಕೊಟ್ಟು ನಾಳೆ ಮೊದಲನೇ ಬಸ್ಸಿಗೆ ನಾನು. ನನ್ನ ಮಾತು ಏನು ಅಂತ ನಿನಗೆ ಗೊತ್ತಿದೆ. ಆದ್ರೆ ಬಂದ ಕೂಡಲೇ ಹೇಳಲ್ಲ. ಮೊದಲು ನೀನು ಹೇಳು, ಎಷ್ಟು ಹೊತ್ತಾದ್ರೂ ಸರಿ. ಅಲ್ಲಿವರೆಗೆ ಅಂಚೆಗೆ ಹಾಕಬೇಡಿ ಅಂತ ಅಪ್ಪಂಗೆ ಹೇಳು. ಒಂದು ದಿನ.

ತಮ್ಮ


ಅಕ್ಟೋಬರ್ 18

ತಮ್ಮನಿಗೆ,

ನೀನು ವಾಪಸ್ ಹೋಗಿ ಐದು ವಾರ ಆಯ್ತು. ಬರೀಬೇಕು ಅಂತ ಕೂತಾಗೆಲ್ಲ ಬೈಗುಳಾನೇ ಬರ್ತಿತ್ತು, ಅದಕ್ಕೆ ಬರೀಲಿಲ್ಲ.

ಅಪ್ಪನ ಕಾಗದ ತಲುಪಿ ಇಲಾಖೆಯವರು ಬಂದರು. ಶೆಡ್ಡಿಗೆ ಬೀಗ ಬಿತ್ತು, ಬಾಗಿಲ ಮೇಲೆ ಅರಗಿನ ಸೀಲು. ಯಜಮಾನರನ್ನ, ಇವರನ್ನ, ಅಪ್ಪನನ್ನ ಮೂರು ಸಲ ಕರೆಸಿ ಬರೆಸಿಕೊಂಡರು. ಕೇಸು ಇನ್ನೂ ನಡೀಬೇಕು. ಇವರು ಏನೂ ಮುಚ್ಚಿಡಲಿಲ್ಲ. ಅಪ್ಪನ ಗುರುತನ್ನ ಪುಸ್ತಕದಿಂದ ಹೊಡೆದುಹಾಕಿದಾರೆ. ನಿಂದೂ. ಗೊತ್ತಿದ್ದೂ ಸುಮ್ಮನಿದ್ದೆ ಅಂತ ನೀನೇ ಬರೆದುಕೊಟ್ಟೆಯಲ್ಲ. ಅಪ್ಪ ಇಲಾಖೆ ಕಳಿಸಿದ ಕಾಗದಾನ ಓದಿ, "ನನ್ನ ಗುರುತನ್ನ 'ಮೀನು' ಅಂತಲೇ ಬರೆದಿದಾರೆ ನೋಡು" ಅಂದರು. ಅಷ್ಟೇ.

ಹದಿನೆಂಟರಲ್ಲಿ ಹದಿನೇಳು ಸಿಕ್ಕಿವೆ. ಒಂದರಲ್ಲಿ ಮುಳ್ಳು ನಿಲ್ಲಲಿಲ್ಲವಂತೆ. ಅದು ಎಲ್ಲಿ ಸಿಕ್ತು ಅಂತ ನಾನು ಕೇಳಲಿಲ್ಲ. ಕೇಳಿದ್ರೆ ಅಲ್ಲಿದ್ದೋರ ಮುಖ ಕಣ್ಣಿಗೆ ಬರುತ್ತೆ. ಹದಿನೆಂಟನೇದು ಎಲ್ಲಿದೆಯೋ. ಅಪ್ಪ ಬೆಳಿಗ್ಗೆ ಎದ್ದು ಕೇಳೋ ಮೊದಲನೇ ಮಾತೇ ಅದು.

ಇವರು ಮನೇಲಿದಾರೆ. ಪಾತ್ರೆಗಳನ್ನ ಸಾಲಾಗಿ ನಿಲ್ಲಿಸಿ ಮೇಲ್ವಿಚಾರಣೆ ಮಾಡ್ತಾರೆ. "ಈ ತಟ್ಟೆ ಯಾರು ತೊಳೆದಿದ್ದು?" ಅಂತಾರೆ. "ಗುರುತು ಹೊಡೆದಿಲ್ಲ, ಗೊತ್ತಾಗಲ್ಲ" ಅಂತೀನಿ. ಮೊನ್ನೆ ಮೊದಲ ಸಲ ನಕ್ಕರು. ಬೀದೀಲಿ ಇಬ್ಬರು ನನ್ನ ಹತ್ರ ಮಾತು ಬಿಟ್ಟಿದಾರೆ, ಅವರ ಮನೆಯವರ ಕೆಲಸಾನೂ ಆ ಶೆಡ್ಡಲ್ಲೇ ಇತ್ತು. ನಾನು ಬೇರೆ ದಾರೀಲಿ ಅಂಗಡಿಗೆ ಹೋಗ್ತೀನಿ.

ಸ್ವಾರ್ಥನಾ ಅಂತ ಕೇಳಿದ್ಯಲ್ಲ, ಆ ಪ್ರಶ್ನೆಗೆ ಉತ್ತರ ನನಗಿನ್ನೂ ಸಿಕ್ಕಿಲ್ಲ. ಕಾಗದ ಹಾಕೋದಾ ಅಂತ ಕೇಳಿದ್ರೆ ನಾನು ಈಗಲೂ ಬೇಡ ಅಂತಲೇ ಅಂತೀನಿ. ಆದ್ರೆ ಒಂದು ಹೇಳಬೇಕು. ಅವತ್ತು ನೀನು ಬಂದಾಗ ನಾನು ಮಧ್ಯಾಹ್ನ ಶುರು ಮಾಡಿ ದೀಪ ಹಚ್ಚೋ ಹೊತ್ತಿನವರೆಗೆ ಬೈದೆ. ನೀನು ಹತ್ತು ವರ್ಷದವನಿದ್ದಾಗ ಮಾಡಿದ್ದನ್ನೂ ತೆಗೆದು ಬೈದೆ. ಒಂದು ಸಲಾನೂ ಬಾಗಿಲ ಕಡೆ ನೋಡಲಿಲ್ಲ ನೀನು. ನಡುವೆ ನೀನೇ ನೀರು ತಂದುಕೊಟ್ಟೆ, ನಾನು ಕುಡಿದು ಮತ್ತೆ ಬೈದೆ. ಎಲ್ಲಾ ಮುಗಿದ ಮೇಲೆ ನೀನು ಮೆಲ್ಲಗೆ, "ಆದ್ರೂ ಹಾಕಬೇಕು ಅಕ್ಕ" ಅಂದೆ. ನಿನ್ನ ಕೆನ್ನೆಗೊಂದು ಬಾರಿಸೋಣ ಅನ್ನಿಸ್ತು.

ಬಾರಿಸಿದ್ರೆ ತಗಲೋ ಅಷ್ಟು ಹತ್ರಾನೇ ಕೂತಿದ್ದೆ ಕಣೋ ನೀನು.

ಅಕ್ಕ